ಮೂವತ್ತೆರಡು ಚಮಚಗಳ ಪೆಲ್ಟನ್ ಚಕ್ರ: ಅಬ್ಬಿ ನೀರಿನಲ್ಲಿ ಒಂದು ವಿಜ್ಞಾನ ಪಾಠ

ಹೊಸನಗರ ತಾಲ್ಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ಮುಳುಗಡೆ ಕುಟುಂಬಗಳ ಮಕ್ಕಳು ಹಲವರಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಇವರ ಅಜ್ಜಂದಿರ ಗದ್ದೆ, ತೋಟ, ಮನೆ ಎಲ್ಲ ಶರಾವತಿ ಹಿನ್ನೀರಿನ ಪಾಲಾದವು. ಆ ನೀರಿನಿಂದ ಕರೆಂಟ್ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಹೇಗೆ ಬರುತ್ತದೆ ಅಂತ ಕೇಳಿದರೆ "ಟರ್ಬೈನ್ ತಿರುಗುತ್ತೆ ಸರ್" ಅಂದು ಸುಮ್ಮನಾಗುತ್ತಿದ್ದರು. ಬೋರ್ಡಿನ ಮೇಲೆ ಚಿತ್ರ ಬರೆದೆ, ವಿಡಿಯೊ ತೋರಿಸಿದೆ. ಅದೇ ಉತ್ತರವೇ ಇನ್ನಷ್ಟು ಚೆನ್ನಾಗಿ ಬಾಯಿಪಾಠವಾಯಿತು, ಅಷ್ಟೇ. ಹಾಗಾಗಿ ಈ ಸಲ ಮಕ್ಕಳ ಕೈಯಲ್ಲೇ ಚಕ್ರ ಮಾಡಿಸೋಣ ಅಂತ ಹೊರಟೆವು. ಮುಗಿದಿದೆ, ಓಡುತ್ತಿದೆ. ಬೇರೆ ಶಾಲೆಯವರು ಮಾಡುವುದಾದರೆ ಉಪಯೋಗಕ್ಕೆ ಬರಲಿ ಎಂದು ಅಳತೆ, ಖರ್ಚು, ಕೆಟ್ಟುಹೋದದ್ದು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

1. ನೀರು ಎಷ್ಟು ಎತ್ತರದಿಂದ ಬರುತ್ತದೆ

ಶಾಲೆಯ ಹತ್ತಿರದಲ್ಲೇ ಒಬ್ಬ ವಿದ್ಯಾರ್ಥಿಯ ಮನೆಯ ಅಡಿಕೆ ತೋಟವಿದೆ. ಗುಡ್ಡದ ಮೇಲಿನ ಹಳ್ಳದಿಂದ ಒಂದು ಇಂಚಿನ ಕರಿ ಪೈಪಿನಲ್ಲಿ ಅಬ್ಬಿ ನೀರು ಕೊಟ್ಟಿಗೆಯ ಪಕ್ಕಕ್ಕೆ ಬರುತ್ತದೆ. ಪೈಪಿನ ಉದ್ದ ಸುಮಾರು 90 ಮೀಟರ್. ಪಂಪಿಲ್ಲ, ಬಿಲ್ಲಿಲ್ಲ.

ಎತ್ತರ ಅಳೆಯಲು ಗಾರೆ ಕೆಲಸದವರ ಹತ್ತಿರವಿರುವ ಪಾರದರ್ಶಕ ಮಟ್ಟದ ಪೈಪು ಮತ್ತು ಒಂದೂವರೆ ಮೀಟರಿನ ಕೋಲು ಸಾಕು. ಕೊಟ್ಟಿಗೆಯಿಂದ ಹಿಡಿದು ಮಟ್ಟ ನೋಡುತ್ತ, ಮೆಟ್ಟಿಲಿನಂತೆ ಒಂದೊಂದೇ ಕೋಲು ಲೆಕ್ಕ ಹಾಕುತ್ತ ಮಕ್ಕಳು ಮೇಲೆ ಹತ್ತಿದರು. ಬಂದದ್ದು 12.3 ಮೀಟರ್. ಆಮೇಲೆ ಪೈಪಿನ ಕೆಳತುದಿಗೆ ಬಾಲ್ ವಾಲ್ವ್ ಮತ್ತು ಪ್ರೆಶರ್ ಗೇಜ್ ಕೂರಿಸಿದೆವು. ವಾಲ್ವ್ ಮುಚ್ಚಿದಾಗ ಮುಳ್ಳು 1.2 ಕೆ.ಜಿ. ಮೇಲೆ ನಿಂತಿತು. ಹತ್ತು ಮೀಟರ್ ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಒತ್ತಡ ಎಂದು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಗುಡ್ಡ ಹತ್ತಿ ಅಳೆದ ಸಂಖ್ಯೆಯೂ ಗಡಿಯಾರದಷ್ಟು ದೊಡ್ಡ ಗೇಜಿನ ಮುಳ್ಳೂ ಒಂದೇ ಮಾತು ಹೇಳಿದಾಗ ಮಕ್ಕಳ ಮುಖದಲ್ಲಿ ಕಂಡದ್ದು ಬೇರೆಯೇ. ಗೇಜಿಗೆ 350 ರೂಪಾಯಿ ಆಯಿತು. ಇಡೀ ಕೆಲಸದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಇಲ್ಲೊಂದು ಅಡ್ಡಿ ಬಂತು. ಪೈಪು ಬಿಚ್ಚಿ ಜೋಡಿಸಿದ ಮೇಲೆ ನೀರು ಬೆರಳಿನಷ್ಟು ದಪ್ಪ ಬಂದು ನಿಂತೇಹೋಯಿತು. ತೋಟದ ಯಜಮಾನರು ಬಂದು ನೋಡಿ, "ಮೇಷ್ಟ್ರೇ, ಪೈಪು ಗಾಳಿ ಹಿಡ್ಕಂಡದೆ. ಆ ಅಗಳಿನ ಹತ್ರ ಏರು ಇದ್ಯಲ, ಅಲ್ಲಿ ಜಾಯಿಂಟ್ ಸ್ವಲ್ಪ ಸಡ್ಲ ಮಾಡಿ" ಅಂದರು. ಸಡಿಲ ಮಾಡಿದ ಕೂಡಲೇ ಬುಸ್ ಎಂದು ಗಾಳಿ ಹೋಗಿ ನೀರು ಕಿತ್ತುಕೊಂಡು ಬಂತು. ಪೈಪು ಎಲ್ಲಿ ಏರಿ ಇಳಿಯುತ್ತದೋ ಆ ನೆತ್ತಿಯಲ್ಲಿ ಮೂರು ಬಾಯಿಯ ಟೀ ಜಾಯಿಂಟ್ ಒಂದನ್ನು ಹಾಕಿ ಸಣ್ಣ ನಲ್ಲಿ ಕೂರಿಸುವುದು ಒಳ್ಳೆಯದು. ಹಳ್ಳದಲ್ಲಿ ಪೈಪಿನ ಬಾಯಿಗೆ ಈರುಳ್ಳಿಯ ಬಲೆ ಚೀಲವನ್ನು ಎರಡು ಸುತ್ತು ಕಟ್ಟಿದ್ದೇವೆ. ಇಲ್ಲದಿದ್ದರೆ ಎಲೆಚೂರು, ಮರಿ ಏಡಿ ಬಂದು ಕೆಳತುದಿಯಲ್ಲಿ ಧಾರೆ ಚಿಮ್ಮಿಸುವ ಮೂತಿಯಲ್ಲಿ (ನಾಜಲ್) ಸಿಕ್ಕಿಕೊಳ್ಳುತ್ತವೆ.

2. ಚಕ್ರ

ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳ ಪ್ರದೇಶದಲ್ಲಿದ್ದ ಲೆಸ್ಟರ್ ಪೆಲ್ಟನ್ 1880ರಲ್ಲಿ ಪೇಟೆಂಟ್ ಪಡೆದ ಚಕ್ರ ಇದು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳಲ್ಲೂ ಇರುವುದು ಇದೇ ಜಾತಿಯ ಚಕ್ರ. ಅದರ ಗುಟ್ಟೆಲ್ಲ ಬಟ್ಟಲಿನಲ್ಲಿದೆ. ಎರಡು ಬಟ್ಟಲು ಪಕ್ಕಪಕ್ಕ, ನಡುವೆ ಒಂದು ಏಣು. ನೀರಿನ ಧಾರೆ ಏಣಿಗೆ ಬಡಿದು ಎರಡಾಗಿ ಸೀಳಿ, ಎರಡೂ ಬಟ್ಟಲಲ್ಲಿ ಸುತ್ತಿ, ಬಂದ ದಿಕ್ಕಿಗೇ ಹೆಚ್ಚುಕಡಿಮೆ ಮರಳಿ ಹೊರಗೆ ಬೀಳುತ್ತದೆ.

ಮೊದಲು ಇದನ್ನು ಪಾಲಿಸದೆ ಸುಲಭದ ದಾರಿ ನೋಡಿದೆವು. 12 ಮಿ.ಮೀ. ಪ್ಲೈವುಡ್ ಚಕ್ರದ ಅಂಚಿಗೆ ಗರಗಸದಲ್ಲಿ ಸೀಳು ಹಾಕಿ ಒಂಟಿ ಚಮಚ ಸಿಕ್ಕಿಸಿದ್ದು. ತಿರುಗಿತು. ಆದರೆ ಧಾರೆ ಚಮಚದ ನಡುವಿಗೆ ಬಡಿದು ಸುತ್ತಲೂ ಚಿಮ್ಮಿ, ಬರುತ್ತಿರುವ ಧಾರೆಗೇ ಅಡ್ಡ ಬಂತು. ಪ್ಲೈವುಡ್ ನೀರು ಕುಡಿದು ಉಬ್ಬಿ ಚಮಚಗಳು ಸಡಿಲವಾದವು. ಎರಡು ಚಮಚ ಪಕ್ಕಪಕ್ಕ ಇಟ್ಟು ವೆಲ್ಡಿಂಗ್ ಮಾಡಿಸಲು ನೋಡಿದರೆ ತೆಳು ಸ್ಟೀಲು ಸುಟ್ಟು ತೂತು ಬಿತ್ತು.

ಕೊನೆಗೆ ನಿಂತದ್ದು ಹೀಗೆ. ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಹಲಗೆ, 10 ಮಿ.ಮೀ. ದಪ್ಪದ್ದು ಒಂದು ತಂದು, ಅದರಿಂದ 12 ಸೆಂ.ಮೀ. ವ್ಯಾಸದ ಮೂರು ಬಿಲ್ಲೆ ಕತ್ತರಿಸಿ ಒಂದರ ಮೇಲೊಂದು ಜೋಡಿಸಿದೆವು. ಒಟ್ಟು ದಪ್ಪ 30 ಮಿ.ಮೀ. ನಮ್ಮ ಚಮಚದ ಬಟ್ಟಲಿನ ಅಗಲವೂ 30 ಮಿ.ಮೀ. ಬಿಲ್ಲೆಯ ಎಡ ಮುಖಕ್ಕೊಂದು, ಬಲ ಮುಖಕ್ಕೊಂದು ಚಮಚದ ಹಿಡಿ ಬಿಗಿದರೆ ಎರಡು ಬಟ್ಟಲುಗಳ ಅಂಚುಗಳು ಸರಿಯಾಗಿ ನಡುಗೆರೆಯ ಮೇಲೆ ಬಂದು ಮುಟ್ಟುತ್ತವೆ. ಆದ್ದರಿಂದ ಮೊದಲು ಚಮಚ ಕೊಳ್ಳಿ, ಅಗಲ ಅಳೆಯಿರಿ, ಆಮೇಲೆ ಹಲಗೆ ಕೊಳ್ಳಿ. ಅಂಚುಗಳು ಮುಟ್ಟಿದ ಜಾಗಕ್ಕೆ ಉಪ್ಪುಕಾಗದ ತಿಕ್ಕಿ, ಎಂ-ಸೀಲ್ ಮೆತ್ತಿ, ಒಣಗಿದ ಮೇಲೆ ಬ್ಲೇಡಿನಲ್ಲಿ ಚೂಪಾಗಿ ಕೆತ್ತಿದರೆ ಅದೇ ಏಣು.

ಚಮಚದ ಬಟ್ಟಲು ಧಾರೆಗೆ ಎದುರಾಗಿ ನಿಲ್ಲಬೇಕು, ಹಿಡಿ ಬಿಲ್ಲೆಯ ಮುಖಕ್ಕೆ ಒತ್ತಿ ಮಲಗಬೇಕು. ಅದಕ್ಕೆ ಹಿಡಿಯನ್ನು 90 ಡಿಗ್ರಿ ತಿರುಚಬೇಕಾಗುತ್ತದೆ. ಕತ್ತಿನಿಂದ ಎರಡು ಸೆಂ.ಮೀ. ಕೆಳಗೆ ವೈಸಿನಲ್ಲಿ ಕಚ್ಚಿಸಿ ಸ್ಕ್ರೂ ಸ್ಪ್ಯಾನರಿನಲ್ಲಿ ನಿಧಾನವಾಗಿ ಒಂದೇ ಸಲ ತಿರುಚಬೇಕು. ಹಿಂದೆ ಮುಂದೆ ಆಡಿಸಿದರೆ ಕತ್ತು ಬಿರುಕು ಬಿಡುತ್ತದೆ. ಮೂರು ಡಜನ್ ತಂದದ್ದರಲ್ಲಿ ನಾಲ್ಕು ಹಾಗೆ ಹೋದವು, ಉಳಿದ 32 ಸರಿಯಾಗಿ 16 ಜೋಡಿಯಾದವು. ಸ್ಟೀಲಿಗೆ ತೂತು ಕೊರೆಯುವಾಗ ಡ್ರಿಲ್ಲಿನ ವೇಗ ಕಡಿಮೆ ಇರಲಿ, ಕೊಬ್ಬರಿ ಎಣ್ಣೆ ಹನಿಸುತ್ತಿರಿ. ವೇಗವಾಗಿ ಕೊರೆದರೆ ಡ್ರಿಲ್ಲಿನ ಬಿಟ್ ಕೆಂಪಾಗಿ ಮೊಂಡಾಗುತ್ತದೆ.

ಹದಿನಾರು ಭಾಗ ಗುರುತು ಹಾಕುವುದು ಹೇಗೆ ಎಂಬುದಕ್ಕೆ ಕೋನಮಾಪಕ ಹಿಡಿದು 22.5 ಡಿಗ್ರಿಗೆ ಒದ್ದಾಡುತ್ತಿದ್ದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ದುಂಡಗೆ ಕತ್ತರಿಸಿದ ಕಾಗದವನ್ನು ನಾಲ್ಕು ಸಲ ಮಡಚಿ ಬಿಚ್ಚಿ ತಂದಳು. ಹದಿನಾರು ಗೆರೆ ತಾನಾಗಿ ಮೂಡಿತ್ತು. ಅದನ್ನೇ ಬಿಲ್ಲೆಗೆ ಅಂಟಿಸಿ ತೂತು ಕೊರೆದೆವು. ಪ್ರತಿ ಜೋಡಿಗೆ ಕೇಂದ್ರದಿಂದ 32 ಮತ್ತು 47 ಮಿ.ಮೀ. ದೂರದಲ್ಲಿ ಎರಡು ಬೋಲ್ಟು, ನಾಲ್ಕು ಮಿ.ಮೀ.ನದು. ಒಂದೇ ಬೋಲ್ಟು ಹಾಕಿದರೆ ಧಾರೆಯ ಹೊಡೆತಕ್ಕೆ ಚಮಚ ತಿರುಗಿಕೊಳ್ಳುತ್ತದೆ.

ಶಾಫ್ಟಿಗೆ 8 ಮಿ.ಮೀ. ಸಲಾಕೆ, ಎರಡು ಕಡೆ 608 ನಂಬರಿನ ಬೇರಿಂಗ್. ಕೂರಿಸಿದ ಮೇಲೆ ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಡಿ. ಪ್ರತಿ ಸಲ ಒಂದೇ ಜೋಡಿ ಕೆಳಗೆ ಬಂದು ನಿಂತರೆ ಆ ಕಡೆ ಭಾರ ಹೆಚ್ಚು. ಎದುರು ಬದಿಯ ಬೋಲ್ಟಿಗೆ ವಾಷರ್ ಹಾಕುತ್ತ ಹೋಗಬೇಕು. ನಮಗೆ ಐದು ವಾಷರ್ ಬೇಕಾದವು.

3. ಡೈನಮೋ ಬಿಟ್ಟು ಪ್ರಿಂಟರ್ ಮೋಟರ್

ಸೈಕಲ್ ಡೈನಮೋ ಸಾಕು ಅಂದುಕೊಂಡಿದ್ದೆವು. 6 ವೋಲ್ಟಿನದು, 250 ರೂಪಾಯಿ. ಶಾಫ್ಟಿಗೆ ನೇರ ಜೋಡಿಸಿದರೆ ಬಲ್ಬಿನ ತಂತಿ ಕೆಂಪಗಾಯಿತು, ಬೆಳಕು ಬರಲಿಲ್ಲ. ಕಾರಣ ಲೆಕ್ಕ ಹಾಕಿದರೆ ಸ್ಪಷ್ಟ. ಸೈಕಲ್ ಸಾಧಾರಣ ವೇಗದಲ್ಲಿ ಓಡುವಾಗ ಡೈನಮೋದ ಸಣ್ಣ ಗಾಲಿ ನಿಮಿಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಸುತ್ತು ಹಾಕುತ್ತದೆ. ನಮ್ಮ ಚಕ್ರ ಹೊರೆ ಹೊತ್ತು ತಿರುಗುವುದು ನಿಮಿಷಕ್ಕೆ 700ರ ಆಸುಪಾಸು. ಬೆಲ್ಟು, ಪುಲ್ಲಿ ಹಾಕಿ ವೇಗ ಏರಿಸಬಹುದಿತ್ತು, ಆದರೆ ಒದ್ದೆಯಲ್ಲಿ ಬೆಲ್ಟು ಜಾರುತ್ತದೆ.

ಶಿವಮೊಗ್ಗದ ಗುಜರಿಯಲ್ಲಿ ಕೆಟ್ಟ ಪ್ರಿಂಟರಿನ ಸ್ಟೆಪರ್ ಮೋಟರ್ 200 ರೂಪಾಯಿಗೆ ಸಿಕ್ಕಿತು. ಇದರ ಶಾಫ್ಟನ್ನು ನಾವೇ ತಿರುಗಿಸಿದರೆ ಡೈನಮೋದಂತೆ ಕರೆಂಟ್ ಬರುತ್ತದೆ, ಕಡಿಮೆ ವೇಗದಲ್ಲೇ ಒಳ್ಳೆಯ ವೋಲ್ಟೇಜ್ ಕೊಡುತ್ತದೆ. ನಾಲ್ಕು ತಂತಿ, ಒಳಗೆ ಎರಡು ಸುರುಳಿ. ಯಾವ ಎರಡು ತಂತಿ ಒಂದೇ ಸುರುಳಿಯವು ಎಂದು ಹುಡುಕಲು ಮೀಟರೂ ಬೇಡ. ಎರಡು ತಂತಿಯ ತುದಿಗಳನ್ನು ಒಂದಕ್ಕೊಂದು ತಾಗಿಸಿ ಬೆರಳಿನಲ್ಲಿ ಶಾಫ್ಟ್ ತಿರುಗಿಸಿ. ಜೋಡಿ ಸರಿಯಾಗಿದ್ದರೆ ಶಾಫ್ಟ್ ಇದ್ದಕ್ಕಿದ್ದಂತೆ ಬಿಗಿಯಾಗುತ್ತದೆ. ಬಿಡಿಸಿದರೆ ಸಡಿಲ.

ಈ ಜಾಗದಲ್ಲಿ ನಾವು ಕೆಲಸ ನಿಲ್ಲಿಸಿಬಿಟ್ಟೆವು. ಯಾಕೆಂದರೆ ಪ್ರತಿಯೊಬ್ಬರಿಗೂ ಅದನ್ನು ತಿರುಗಿಸಿ ನೋಡಬೇಕಿತ್ತು. ಮೋಟರ್ ಸಾಲಾಗಿ ಕೈಯಿಂದ ಕೈಗೆ ಹೋಯಿತು. "ಒಳಗೆ ಏನೂ ತಾಗ್ತಾ ಇಲ್ಲ ಅಲ್ವಾ ಸರ್, ಮತ್ತೆ ಯಾರು ಹಿಡ್ಕೊಳ್ಳೋದು?" ಎಂದು ಒಬ್ಬ ಕೇಳಿದ. ಕರೆಂಟ್ ಪುಕ್ಕಟೆ ಬರುವುದಿಲ್ಲ, ತಂತಿಯಲ್ಲಿ ಕರೆಂಟ್ ಹರಿದ ಕೂಡಲೇ ಅದು ತಿರುಗಿಸುವ ಕೈಯನ್ನು ಹಿಂದಕ್ಕೆ ಎಳೆಯುತ್ತದೆ. ಹೀಗೆಂದು ನಾನು ಹೇಳುವ ಮೊದಲೇ ಅವರ ಬೆರಳಿಗೆ ಗೊತ್ತಾಗಿತ್ತು. ವಿಜ್ಞಾನ ಕಲಿಸುವವರು ಬೇರೆ ಏನನ್ನೂ ಕಟ್ಟದಿದ್ದರೂ ಚಿಂತೆಯಿಲ್ಲ, ಇಂಥದೊಂದು ಮೋಟರನ್ನು ತರಗತಿಯಲ್ಲಿ ಇಟ್ಟುಕೊಳ್ಳಲೇಬೇಕು.

ಅತ್ತಿತ್ತ ಹರಿಯುವ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸಲು ಪ್ರತಿ ಸುರುಳಿಗೆ ನಾಲ್ಕು ಡಯೋಡಿನ ಒಂದು ಬ್ರಿಜ್ (1ಎನ್4007, ಒಟ್ಟು ಎಂಟು), ಎರಡರ ಹೊರದಾರಿಯನ್ನೂ ಸೇರಿಸಿ 1000 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪಾಸಿಟರ್. ಹೊರೆ ಕಳಚಿ ಚಕ್ರವನ್ನು ಓಡಿಸುವಾಗ ವೋಲ್ಟೇಜ್ ಮೇಲೇರುತ್ತದೆ, ಆಗ ಕೆಪಾಸಿಟರನ್ನೂ ಬಿಡಿಸಿಡಿ. ಅದರ ಮುಂದೆ 12 ವೋಲ್ಟಿನ ಎಲ್‌ಇಡಿ ಪಟ್ಟಿ. ಚಕ್ರದ ಶಾಫ್ಟಿಗೂ ಮೋಟರಿಗೂ ನಡುವೆ ಬೈಕಿನ ಪೆಟ್ರೋಲ್ ಪೈಪಿನ ತುಂಡು, ಎರಡು ಕ್ಲಿಪ್ಪು. ಎರಡು ಶಾಫ್ಟು ಕೂದಲೆಳೆ ಅತ್ತಿತ್ತ ಇದ್ದರೂ ರಬ್ಬರು ತಡೆದುಕೊಳ್ಳುತ್ತದೆ.

4. ಮೂತಿ

ಪೈಪಿನ ತುದಿ ಮುಚ್ಚುವ ಎಂಡ್ ಕ್ಯಾಪಿಗೆ ಡ್ರಿಲ್ಲಿನಲ್ಲಿ ನೇರ ತೂತು ಹಾಕಿದರೆ ಧಾರೆ ಒಡೆದು ಹರಡುತ್ತದೆ. ತೂತಿನ ಅಂಚು ಎಷ್ಟು ನಯ ಮಾಡಿದರೂ ಅಷ್ಟೇ. ಕಿಟಕಿಗೆ ಹಚ್ಚುವ ಸಿಲಿಕೋನ್ ಟ್ಯೂಬಿನ ತುದಿಗೆ ಉದ್ದನೆಯ ಮೊನಚು ಮೂತಿ ಇರುತ್ತದಲ್ಲ, ಬಡಗಿಗಳ ಹತ್ತಿರ ಬಳಸಿ ಎಸೆದದ್ದು ಬೇಕಾದಷ್ಟು ಸಿಗುತ್ತದೆ. ಒಳಗೆ ಒಣಗಿದ ಸಿಲಿಕೋನ್ ಕಿತ್ತು ತೆಗೆದು, ಕ್ಯಾಪಿನೊಳಗಿಂದ ತೂರಿಸಿ ಎಂ-ಸೀಲ್ ಹಾಕಿದೆವು. ಡ್ರಿಲ್ ಬಿಟ್ಟಿನ ಬುಡವನ್ನೇ ಅಳತೆಗೋಲು ಮಾಡಿಕೊಂಡು ಮೂರು ಮೂತಿಗಳನ್ನು 6, 8, 10 ಮಿ.ಮೀ. ತೂತಿಗೆ ಕತ್ತರಿಸಿದೆವು. ಧಾರೆ ಗಾಜಿನ ಕಡ್ಡಿಯಂತೆ ಬಂತು.

ನೀರು ಬಿಡುವ ಮೊದಲು ಎಲ್ಲರಿಂದಲೂ ಚೀಟಿ ಬರೆಸಿದೆ: ಯಾವ ಮೂತಿಗೆ ಬೆಳಕು ಜಾಸ್ತಿ? ಬಹುಪಾಲು ಚೀಟಿಯಲ್ಲಿ 10 ಎಂದಿತ್ತು. ಅಳೆದದ್ದು ಇದು:

6 ಮಿ.ಮೀ.: ಗೇಜ್ 0.95, ಹತ್ತು ಲೀಟರಿನ ಬಕೆಟ್ ತುಂಬಲು 27 ಸೆಕೆಂಡ್, ಪಟ್ಟಿಗೆ ಹರಿದದ್ದು 0.21 ಆಂಪಿಯರ್.
8 ಮಿ.ಮೀ.: ಗೇಜ್ 0.7, ಬಕೆಟ್ 18 ಸೆಕೆಂಡ್, 0.19 ಆಂಪಿಯರ್.
10 ಮಿ.ಮೀ.: ಗೇಜ್ 0.4, ಬಕೆಟ್ 15 ಸೆಕೆಂಡ್, 0.07 ಆಂಪಿಯರ್. ಬೆಳಕು ಮಂಕು.

ನೀರು ಜಾಸ್ತಿ ಬರುತ್ತಿದೆ, ಬೆಳಕು ಕಡಿಮೆಯಾಗಿದೆ. ಯಾಕೆ ಎಂದು ನಾನು ಹೇಳಲಿಲ್ಲ. ಗೇಜನ್ನೇ ನೋಡುತ್ತಿದ್ದ ಹುಡುಗಿಯೊಬ್ಬಳು "ದೊಡ್ಡ ತೂತಿಗೆ ಮುಳ್ಳು ಬಿದ್ದೋಗುತ್ತೆ ಸರ್, ಗುಡ್ಡನೇ ತಗ್ಗಾದ ಹಾಗೆ" ಅಂದಳು. ಪೈಪಿನೊಳಗೆ ನೀರು ವೇಗವಾಗಿ ಓಡಿದಷ್ಟೂ ಗೋಡೆಗೆ ಉಜ್ಜಿ ಎತ್ತರವನ್ನು ಕಳೆದುಕೊಳ್ಳುತ್ತದೆ. ಹನ್ನೆರಡು ಮೀಟರಿನ ಗುಡ್ಡ 10 ಮಿ.ಮೀ. ಮೂತಿಗೆ ನಾಲ್ಕೇ ಮೀಟರಿನದಾಗಿತ್ತು. ಅವಳ ಆ ಮಾತನ್ನೇ ಬೋರ್ಡಿನ ಮೇಲೆ ಬರೆದಿಟ್ಟೆ.

6 ಮಿ.ಮೀ. ಮೂತಿಯಲ್ಲಿ ಸಿಗುತ್ತಿರುವುದು ಸುಮಾರು 2.5 ವ್ಯಾಟ್. ಧಾರೆಯಲ್ಲಿ ಇರುವುದು ಸುಮಾರು 35 ವ್ಯಾಟ್. ಅಂದರೆ ಶೇ. 7. ಕಾರ್ಖಾನೆಯ ದೊಡ್ಡ ಪೆಲ್ಟನ್ ಚಕ್ರಗಳು ನೀರಿನ ಶಕ್ತಿಯಲ್ಲಿ ಶೇ. 90ರ ಆಸುಪಾಸು ಹಿಡಿಯುತ್ತವೆ. ನಮ್ಮ ನಷ್ಟದ ದೊಡ್ಡ ಪಾಲು ಮೋಟರಿನದು. ಅದನ್ನು ಕರೆಂಟ್ ಮಾಡಲೆಂದು ಮಾಡಿಲ್ಲವಲ್ಲ.

5. ಕಿಟಕಿ

ಮೊದಲು ಚಕ್ರವನ್ನು ಖಾಲಿ ಪೇಂಟ್ ಬಕೆಟಿನೊಳಗೆ ಕೂರಿಸಿದ್ದೆವು. ಬೆಳಕು ಬರುತ್ತಿತ್ತು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಮುಂದೆ ಹೋಗುತ್ತಿದ್ದರು. ಒಳಗೆ ನಡೆಯುವುದು ಯಾರಿಗೂ ಕಾಣುತ್ತಿರಲಿಲ್ಲ. ಬಕೆಟಿನ ಮುಂಭಾಗ ಕೊಯ್ದು 300 ರೂಪಾಯಿಯ ಅಕ್ರಿಲಿಕ್ ಹಾಳೆ ಸ್ಕ್ರೂ ಹಾಕಿ ಬಿಗಿದ ಮೇಲೆ ಇದು ಪಾಠವಾಯಿತು. ತಿರುಗುವ ಚಮಚ ಬೆರಳು ಕೊಯ್ಯುತ್ತದೆ, ಹಾಗಾಗಿ ಅಕ್ರಿಲಿಕ್ ತೆಗೆದು ಓಡಿಸಲೇಬಾರದು.

ಕಿಟಕಿಯಲ್ಲಿ ನೋಡಬೇಕಾದದ್ದು ಮೂರು. ಶಾಫ್ಟಿನ ಹೊರತುದಿಯನ್ನು ಬಟ್ಟೆಯಲ್ಲಿ ಬಿಗಿಹಿಡಿದು ಚಕ್ರ ನಿಲ್ಲಿಸಿ ಧಾರೆ ಬಿಟ್ಟರೆ ನೀರು ಏಣಿಗೆ ಬಡಿದು, ಎರಡು ಬಟ್ಟಲಲ್ಲಿ ಸುತ್ತಿ, ಎರಡೂ ಬದಿಯಿಂದ ಅಷ್ಟೇ ರಭಸದಲ್ಲಿ ಹಿಂದಕ್ಕೆ ಚಿಮ್ಮಿ ಅಕ್ರಿಲಿಕ್ಕಿಗೆ ಹೊಡೆಯುತ್ತದೆ. ಕೈಬಿಟ್ಟು ಎಲ್‌ಇಡಿ ಪಟ್ಟಿ ಹಚ್ಚಿದರೆ ಚಿಮ್ಮುವುದು ನಿಂತು, ನೀರು ಸುಸ್ತಾದಂತೆ ಚಕ್ರದ ಕೆಳಗೇ ದೊಪದೊಪ ಬೀಳುತ್ತದೆ. ಚಮಚದ ವೇಗ ಧಾರೆಯ ವೇಗದ ಅರ್ಧದ ಹತ್ತಿರ ಇದ್ದಾಗ ಹೀಗಾಗುತ್ತದೆ. ನೀರು ತನ್ನಲ್ಲಿದ್ದದ್ದನ್ನು ಚಕ್ರಕ್ಕೆ ಕೊಟ್ಟಿರುತ್ತದೆ. ಇನ್ನು ಪಟ್ಟಿಯ ತಂತಿ ಕಳಚಿದರೆ ಚಕ್ರ ಕಿರುಗುಟ್ಟುತ್ತ ವೇಗ ಹಿಡಿದು, ನೀರು ಅದರ ಜೊತೆಗೇ ಮುಂದಕ್ಕೆ ಹಾರಿ ಎದುರು ಗೋಡೆಗೆ ಬೀಳುತ್ತದೆ. 

ಮುಳುಗಡೆ ಮನೆಯ ಹುಡುಗ ಕೇಳಿದ: "ನಮ್ಮಜ್ಜನ ಗದ್ದೆ ಮೇಲಿರೋ ನೀರೂ ಹಿಂಗೇ ಬೀಳುತ್ತಾ ಸರ್?" ಹೌದು. ಲಿಂಗನಮಕ್ಕಿಯಿಂದ ತಳಕಳಲೆಯ ಜಲಾಶಯಕ್ಕೆ ಬಂದು, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಸುಮಾರು 440 ಮೀಟರ್ ಇಳಿಯುತ್ತದೆ. ಗೇಜ್ ಇಟ್ಟರೆ ಮುಳ್ಳು 1.2 ಅಲ್ಲ, 44ರ ಹತ್ತಿರ. ಧಾರೆಯ ವೇಗ ಗಂಟೆಗೆ 300 ಕಿ.ಮೀ. ಮೀರುತ್ತದೆ. ಹತ್ತು ಚಕ್ರ, ಒಂದೊಂದಕ್ಕೆ 103.5 ಮೆಗಾವ್ಯಾಟ್, ಒಟ್ಟು 1035. ಈ ಸಂಖ್ಯೆಗಳನ್ನು ಹಿಂದೆಯೂ ಬರೆಸಿದ್ದೆ. ಆ ದಿನ ಅವನೇ ತನ್ನ ಪುಸ್ತಕದಲ್ಲಿ 440ನ್ನು 12ರಿಂದ ಭಾಗಿಸುತ್ತ ಕೂತಿದ್ದ.

6. ತಾರಸಿಯ ಡ್ರಮ್ಮು

ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಊರವರಿಗೆ ತೋರಿಸಬೇಕು ಅಂದರೆ ಹಳ್ಳದಲ್ಲಿ ಆಗ ನೀರು ಕ್ಷೀಣ. ಅರ್ಧ ಎಚ್‌ಪಿ ಪಂಪು ಇಟ್ಟು ಟಬ್ಬಿನ ನೀರನ್ನೇ ಸುತ್ತಿಸಬಹುದು, ಪ್ರದರ್ಶನಗಳಲ್ಲಿ ಹಾಗೆ ಮಾಡುವುದೂ ಉಂಟು. ನಾನು ಬೇಡವೆಂದೆ. 370 ವ್ಯಾಟ್ ತಿನ್ನುವ ಪಂಪಿನಿಂದ ಎರಡು ವ್ಯಾಟ್ ತೆಗೆದು ತೋರಿಸಿದರೆ, ನೋಡಿದವರು ಕರೆಂಟ್ ತನ್ನಷ್ಟಕ್ಕೇ ಹುಟ್ಟುತ್ತದೆ ಅಂದುಕೊಂಡು ಮನೆಗೆ ಹೋಗುತ್ತಾರೆ. ಏನೂ ತೋರಿಸದೆ ಇರುವುದು ಅದಕ್ಕಿಂತ ಮೇಲು.

ಬದಲಿಗೆ ಹೊಸ ಕಟ್ಟಡದ ತಾರಸಿಯ ಮೇಲೆ 200 ಲೀಟರಿನ ಡ್ರಮ್ಮು ಇಟ್ಟು, ಅಂಗಳಕ್ಕೆ ಪೈಪು ಇಳಿಸಿದೆವು. ಎತ್ತರ 4 ಮೀಟರ್. ಪೈಪು ಚಿಕ್ಕದಾದ್ದರಿಂದ ಇಲ್ಲಿ 8 ಮಿ.ಮೀ. ಮೂತಿಯೇ ಸರಿ. 12 ವೋಲ್ಟಿನ ಪಟ್ಟಿ ಉರಿಯಲಿಲ್ಲ. ಬಿಳಿ ಎಲ್‌ಇಡಿಗಳನ್ನು ಎರಡೆರಡು ಸರಣಿಯಲ್ಲಿ ಜೋಡಿಸಿ, ಪ್ರತಿ ಸರಣಿಗೂ ಒಂದು ರೆಸಿಸ್ಟರ್ ಹಾಕಿದ ಮೇಲೆ ಉರಿದವು. ಡ್ರಮ್ಮಿಗೆ ನೀರು ತುಂಬುವುದು ನೋಡಲು ಬಂದವರ ಕೆಲಸ. ಹತ್ತು ಲೀಟರಿನ ಒಂದು ಬಕೆಟ್ ಹೊತ್ತು ಮೆಟ್ಟಿಲು ಹತ್ತಿ ಸುರಿದರೆ 24 ಸೆಕೆಂಡ್ ಬೆಳಕು. ಅಪ್ಪಂದಿರು, ಅಮ್ಮಂದಿರು ಬಕೆಟ್ ಹೊತ್ತರು. ಮಕ್ಕಳು ಕೆಳಗೆ ಸ್ಟಾಪ್‌ವಾಚ್ ಹಿಡಿದು ಕೂಗಿ ಹೇಳುತ್ತಿದ್ದರು. ಒಂಬತ್ತನೇ ತರಗತಿಯವರು ಪಕ್ಕದ ಬೋರ್ಡಿನಲ್ಲಿ ಒಂದು ಲೆಕ್ಕ ಬರೆದಿಟ್ಟಿದ್ದರು: 5000 ಎಂಎಎಚ್ ಮೊಬೈಲ್ ಬ್ಯಾಟರಿ ಪೂರ್ತಿ ತುಂಬಲು, ಒಂದು ಹನಿ ಶಕ್ತಿಯೂ ನಷ್ಟವಾಗದಿದ್ದರೆ, ಈ ತಾರಸಿಗೆ ಸುಮಾರು 170 ಬಕೆಟ್ ಹೊರಬೇಕು. ಆ ಬೋರ್ಡಿನ ಮುಂದೆ ಜನ ನಿಂತಷ್ಟು ಹೊತ್ತು ಚಕ್ರದ ಮುಂದೆಯೂ ನಿಲ್ಲಲಿಲ್ಲ.

ಖರ್ಚು

ಚಮಚ ಮೂರು ಡಜನ್ 270, ಹಲಗೆ 220, ಬೋಲ್ಟು ನಟ್ಟು ವಾಷರ್ 130, ಬೇರಿಂಗ್ ಎರಡು 80, ಸಲಾಕೆ 60, ಸ್ಟೆಪರ್ ಮೋಟರ್ 200, ಡಯೋಡ್ ಮತ್ತು ಕೆಪಾಸಿಟರ್ 31, ಗೇಜ್ 350, ಬಾಲ್ ವಾಲ್ವ್ 180, ಎಂಡ್ ಕ್ಯಾಪ್ 45, ಅಕ್ರಿಲಿಕ್ 300, ಎಂ-ಸೀಲ್ 40, ಎಲ್‌ಇಡಿ ಪಟ್ಟಿ 60, ಪೆಟ್ರೋಲ್ ಪೈಪು ಮತ್ತು ಕ್ಲಿಪ್ 40. ಒಟ್ಟು 2,006 ರೂಪಾಯಿ. ಡೈನಮೋ, ಪ್ಲೈವುಡ್ ಬೇರೆ. ಬಿಡಿ ಎಲ್‌ಇಡಿ, ರೆಸಿಸ್ಟರ್ ಪ್ರಯೋಗಾಲಯದಲ್ಲೇ ಇದ್ದವು, ಡ್ರಮ್ಮು ಊರವರದು.

ಉಳಿದ ಕೆಲಸ

ಬೇರಿಂಗಿಗೆ ನೀರು ಹೋಗಿ ತುಕ್ಕು ಹಿಡಿಯುತ್ತಿದೆ. ಹೊರಗಡೆ ರಬ್ಬರ್ ಬಿಲ್ಲೆ ಹಾಕಿ ಗ್ರೀಸ್ ತುಂಬಿದರೂ ಒಂದು ಕಡೆಯದು ಗರಗರ ಎನ್ನುತ್ತಿದೆ. ಶಾಫ್ಟ್ ಉದ್ದ ಮಾಡಿ ಎರಡೂ ಬೇರಿಂಗನ್ನು ಬಕೆಟಿನ ಹೊರಗೆ ತರಬೇಕು. ಮೂರು ಜೋಡಿ ಚಮಚದ ಏಣು ಎದ್ದು ಬಂದಿದೆ, ಅಲ್ಲಿ ಉಪ್ಪುಕಾಗದ ಸರಿಯಾಗಿ ತಿಕ್ಕಿರಲಿಲ್ಲ. ಮಕ್ಕಳಿಗೆ ಈಗ ಎಂಟೇ ಜೋಡಿ ಚಮಚ ಇಟ್ಟರೆ ಏನಾಗುತ್ತದೆ ಎಂದು ನೋಡಬೇಕಂತೆ. ಒಂದು ಬಿಟ್ಟು ಒಂದು ಜೋಡಿ ಬಿಚ್ಚಲು ಹೊರಟಿದ್ದಾರೆ, ಚೀಟಿ ಬರೆದು ಡಬ್ಬಿಗೆ ಹಾಕಿಯೂ ಆಗಿದೆ. ಮಳೆ ಹಿಡಿದು ಹಳ್ಳ ತುಂಬಿದ ಮೇಲೆ ಅಳೆದು ಬರೆಯುತ್ತೇನೆ.